ಬಹುಮಹಡಿ ಮನೆಯ ಬೆಕ್ಕು: ಬಾಲ್ಕನಿಗೊಂದು ಬಲೆ ಇರಲಿ

ದೇಶನೂರಿನಂಥ ಊರಿನಲ್ಲಿ ಬೆಕ್ಕು ಸಾಕಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತುಂಗಭದ್ರೆಯ ಕಾಲುವೆ ನೀರು ಹರಿದು ಭತ್ತ ಬೆಳೆಯುವ ಸಿರುಗುಪ್ಪ ಸೀಮೆಯಲ್ಲಿ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಗಲೆಲ್ಲ ಅಡುಗೆಮನೆಯ ಮೂಲೆಯಲ್ಲಿ ಮಲಗುವ ಅದು ರಾತ್ರಿ ಮಾಳಿಗೆಯಿಂದ ಮಾಳಿಗೆಗೆ ಹಾರಿ ಓಣಿಯನ್ನೆಲ್ಲ ಸುತ್ತಿ ಬರುತ್ತದೆ. ಕಾಲು ಜಾರಿ ಬಿದ್ದರೂ ಮೈ ಕೊಡವಿ ಎದ್ದು ಹೋಗುತ್ತದೆ. ‘ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ಬೀಳುತ್ತೆ’ ಎಂದು ದಾದಿ ಹೇಳುವ ಮಾತು ಆ ಮಾಳಿಗೆಯ ಮಟ್ಟಿಗೆ ನಿಜವೇ.

ಈಗ ಅದೇ ಮನೆಯ ಮಕ್ಕಳು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಎಂಟನೇ, ಹತ್ತನೇ ಮಹಡಿಯಲ್ಲಿ ಮನೆ ಮಾಡುತ್ತಿದ್ದಾರೆ. ಬಳ್ಳಾರಿಯಲ್ಲೂ ಅಪಾರ್ಟ್‌ಮೆಂಟುಗಳು ಎದ್ದಿವೆ. ಮೊಮ್ಮಕ್ಕಳ ಹಟಕ್ಕೆ ಊರಿನ ಬೆಕ್ಕಿನ ಮರಿಯೊಂದು ಬುಟ್ಟಿಯಲ್ಲಿ ಕುಳಿತು ಅಲ್ಲಿಗೆ ಹೋಗುತ್ತದೆ. ಅದರ ಜೊತೆ ದಾದಿಯ ಆ ಮಾತೂ ಹೋಗುತ್ತದೆ. ಅಪಾಯ ಇರುವುದು ಆ ಮಾತಿನಲ್ಲಿ.

ಬೆಕ್ಕು ಗಾಳಿಯಲ್ಲಿ ತಿರುಗಿ ಕಾಲು ಕೆಳಗೆ ಮಾಡಿಕೊಳ್ಳುವುದು ಹೌದು. ಮರಿಗೆ ಮೂರು ನಾಲ್ಕು ವಾರವಾದಾಗ ಈ ಗುಣ ಕಾಣಿಸಿಕೊಂಡು ಆರೇಳು ವಾರದ ಹೊತ್ತಿಗೆ ಪೂರ್ತಿ ಬಲಿಯುತ್ತದೆ. ಆದರೆ ಕಾಲ ಮೇಲೆ ಬೀಳುವುದು ಬೇರೆ, ಪೆಟ್ಟಾಗದೆ ಬೀಳುವುದು ಬೇರೆ. ಮೂರು ಮೀಟರ್ ಎತ್ತರದ ಮಾಳಿಗೆಯಿಂದ ಬಿದ್ದ ಬೆಕ್ಕು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಹದಿನೈದು ಮೀಟರಿನಿಂದ, ಅಂದರೆ ಐದಂತಸ್ತಿನ ಎತ್ತರದಿಂದ ಬಿದ್ದರೆ 55 ದಾಟುತ್ತದೆ. ಇನ್ನೂ ಮೇಲಿನಿಂದಾದರೆ ನೂರರ ಹತ್ತಿರ ಹೋಗುತ್ತದೆ. ಕೆಳಗಿರುವುದೂ ಊರಿನ ಮಣ್ಣಲ್ಲ. ಕಾಂಕ್ರೀಟ್, ಇಲ್ಲವೇ ಕಾರಿನ ಛಾವಣಿ. ನಾಲ್ಕು ಕಾಲಿಗೆ ತಡೆಯಲಾಗದ ಹೊಡೆತ ಎದೆಗೂ ಗದ್ದಕ್ಕೂ ಬೀಳುತ್ತದೆ.

ಹೀಗೆ ಬಿದ್ದ ಬೆಕ್ಕುಗಳ ಬಗ್ಗೆ ಎಲ್ಲರೂ ಉದಾಹರಿಸುವ ಒಂದು ಅಧ್ಯಯನವಿದೆ. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಬಂದ 132 ಬೆಕ್ಕುಗಳ ವಿವರವನ್ನು ಅಲ್ಲಿನ ವೈದ್ಯರು 1987ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದ್ದವು. ಈ ಒಂದು ಅಂಕಿಯನ್ನು ಹಿಡಿದು ‘ಬೆಕ್ಕಿಗೆ ಏನೂ ಆಗುವುದಿಲ್ಲ’ ಎನ್ನುವವರು ಬಹಳ. ಆದರೆ ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಹಾಗಾಗಿ ಅಂಥವು ಆ ಲೆಕ್ಕದಲ್ಲಿ ಸರಿಯಾಗಿ ಸೇರಿರಲಾರವು. ಬದುಕಿದವು ಕೂಡ ಚಿಕಿತ್ಸೆ ಸಿಕ್ಕಿದ್ದರಿಂದ ಬದುಕಿದವು. ಕ್ರೊಯೇಷಿಯಾದ ಝಾಗ್ರೆಬ್ ನಗರದಲ್ಲಿ ಬಿದ್ದ 119 ಬೆಕ್ಕುಗಳ ಕುರಿತು 2004ರಲ್ಲಿ ಪ್ರಕಟವಾದ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳು ಒಂದು ವರ್ಷ ತುಂಬದವು. ಬಿಸಿಲುಗಾಲದಲ್ಲೇ ಇಂಥ ಅವಘಡ ಹೆಚ್ಚು ಎಂಬುದೂ ಅದರಲ್ಲಿ ಕಂಡುಬಂತು. ಕಾರಣ ಸರಳ: ಸೆಕೆಗೆ ಕಿಟಕಿ ತೆರೆದಿರುತ್ತದೆ. ಮಾರ್ಚಿಯಿಂದ ಮೇವರೆಗೆ ಕಿಟಕಿ ಮುಚ್ಚಿ ಮಲಗಲಾಗದ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಪ್ರಾಣಿಗೆ ಎತ್ತರ ಗೊತ್ತಾಗುವುದಿಲ್ಲವೇ?’ ಎಂದು ಕೇಳಬಹುದು. ಗೊತ್ತಾಗುತ್ತದೆ. ಆದರೆ ಎದುರಿನ ಸಜ್ಜಾದ ಮೇಲೆ ಪಾರಿವಾಳ ಕುಳಿತಾಗ ಬೆಕ್ಕಿನ ಕಣ್ಣಿಗೆ ಕಾಣುವುದು ಪಾರಿವಾಳ ಮಾತ್ರ. ಗ್ರಾನೈಟಿನ ಕಟ್ಟೆ, ಸ್ಟೀಲ್ ಕಂಬಿ, ಜಾರುವ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು, ಇವುಗಳ ಮೇಲೆ ಉಗುರು ಊರುವುದಿಲ್ಲ. ಊರಿನ ಮರದ ಕೊಂಬೆ, ಮಣ್ಣಿನ ಗೋಡೆಯ ಮೇಲೆ ಊರುತ್ತಿತ್ತು. ಬೆಕ್ಕು ಬೆದೆಗೆ ಬಂದಾಗಲಂತೂ ಗಂಡಿರಲಿ ಹೆಣ್ಣಿರಲಿ, ಹೇಗಾದರೂ ಹೊರಗೆ ಹೋಗಲು ದಾರಿ ಹುಡುಕುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಈ ಚಡಪಡಿಕೆ ತಗ್ಗುತ್ತದೆ ಎಂಬುದು ಪಶುವೈದ್ಯರ ಅನುಭವ. ಅದರ ಧಾರ್ಮಿಕ ವಿಧಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದರಿಂದ, ಸಂಶಯವಿದ್ದವರು ತಿಳಿದವರನ್ನು ಕೇಳಿ ನಿರ್ಧರಿಸಲಿ.

ಪರಿಹಾರ ಬಲೆ. ಬೆಂಗಳೂರಿನಲ್ಲಿ ಪಾರಿವಾಳದ ಕಾಟಕ್ಕೆಂದು ಬಾಲ್ಕನಿಗೆ ನೈಲಾನ್ ಬಲೆ ಕಟ್ಟಿಸುವುದು ಸಾಮಾನ್ಯ. ಏನೂ ಇಲ್ಲದಿರುವುದಕ್ಕಿಂತ ಅದು ವಾಸಿ. ಆದರೆ ಅದು ಹಕ್ಕಿ ಒಳಗೆ ಬಾರದಂತೆ ಕಟ್ಟಿದ ಬಲೆಯೇ ಹೊರತು ಬೆಕ್ಕಿನ ಭಾರ ತಡೆಯಲೆಂದು ಕಟ್ಟಿದ್ದಲ್ಲ. ಬಿಸಿಲು ತಿಂದಂತೆ ನೈಲಾನ್ ಲಡ್ಡಾಗುತ್ತದೆ. ಕೆಲವು ಬೆಕ್ಕುಗಳು ಅದನ್ನು ಕಡಿದೂ ಹಾಕುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಗಂಟು, ಕೊಕ್ಕೆಗಳನ್ನು ಕೈಯಿಂದ ಎಳೆದು ನೋಡಬೇಕು. ಕೈಯಲ್ಲಿ ಹಣವಿದ್ದರೆ ಒಂದಿಂಚಿಗಿಂತ ದೊಡ್ಡ ಕಣ್ಣಿಲ್ಲದ ಸ್ಟೀಲ್ ಜಾಲರಿಯೇ ಒಳ್ಳೆಯದು. ಬರೀ ಗ್ರಿಲ್ ನಂಬುವಂತಿಲ್ಲ. ಬೆಕ್ಕಿನ ಕೊರಳೆಲುಬು ಉಳಿದ ಎಲುಬುಗಳಿಗೆ ಗಟ್ಟಿಯಾಗಿ ಕೂಡಿಕೊಂಡಿಲ್ಲ. ಹಾಗಾಗಿ ತಲೆ ತೂರಿದ ಸಂದಿನಲ್ಲಿ ಮೈಯೂ ತೂರುತ್ತದೆ. ಸೊಳ್ಳೆ ಪರದೆಯ ಜಾಲರಿಯನ್ನು ಉಗುರಿನಿಂದ ಹರಿಯುವುದು ಅದಕ್ಕೆ ಕ್ಷಣದ ಕೆಲಸ.

ಬಾಲ್ಕನಿ ಭದ್ರ ಮಾಡಿದವರು ಸಾಮಾನ್ಯವಾಗಿ ಮರೆಯುವ ಜಾಗವೊಂದಿದೆ: ಬಚ್ಚಲಿನ ಗಾಳಿಕಿಂಡಿ. ಅದರ ಗಾಜಿನ ಪಟ್ಟಿಗಳ ಆಚೆಗೆ ಪೈಪುಗಳು ಇಳಿಯುವ ಡಕ್ಟ್ ಇರುತ್ತದೆ. ಅದಕ್ಕೆ ನೆಲ ಮಹಡಿಯವರೆಗೆ ತಡೆಯೇ ಇಲ್ಲ. ಅಲ್ಲಿಗೆ ಬಿದ್ದ ಪ್ರಾಣಿಯ ಕೂಗು ಯಾವ ಮನೆಯಿಂದ ಬರುತ್ತಿದೆ ಎಂದು ತಿಳಿಯುವುದೇ ಕಷ್ಟ. ನೂರಿನ್ನೂರು ರೂಪಾಯಿಯ ತಂತಿಬಲೆ ಒಳಗಿನಿಂದ ಬಡಿದರೆ ಈ ಚಿಂತೆ ಮುಗಿಯಿತು. ಬಾಲ್ಕನಿ ಕಟ್ಟೆಯ ಪಕ್ಕ ಸ್ಟೂಲು, ವಾಷಿಂಗ್ ಮೆಷಿನ್ನು, ಹೂಕುಂಡದ ಸ್ಟ್ಯಾಂಡು ಇಡದಿರುವುದು ಇನ್ನೂ ಸುಲಭ. (ಈ ಮಾತು ಮನೆಯ ಪುಟ್ಟ ಮಕ್ಕಳಿಗೆ ಬೆಕ್ಕಿಗಿಂತ ಮೊದಲು ಅನ್ವಯಿಸುತ್ತದೆ.)

ಇಷ್ಟು ಹೇಳಿದಾಗ ಹಿರಿಯರಿಂದ ಬರುವ ಆಕ್ಷೇಪ ಒಂದೇ: ‘ಬೆಕ್ಕನ್ನು ಕೂಡಿಹಾಕುವುದು ಪಾಪ ಅಲ್ಲವೇ?’ ಬೆಕ್ಕನ್ನು ಕೂಡಿಹಾಕಿ ಶಿಕ್ಷೆಗೆ ಗುರಿಯಾದ ಮಹಿಳೆಯ ಹದೀಸ್ ಅವರ ಮನಸ್ಸಿನಲ್ಲಿರುತ್ತದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಆ ವರದಿಯನ್ನು ಪೂರ್ತಿ ಗಮನಿಸಬೇಕು. ಆಕೆ ಬೆಕ್ಕಿಗೆ ತಾನೂ ಆಹಾರ ಕೊಡಲಿಲ್ಲ, ಅದು ತಾನಾಗಿ ಹುಡುಕಿ ತಿನ್ನಲು ಬಿಡಲೂ ಇಲ್ಲ. ಅದು ಹಸಿವಿನಿಂದ ಸತ್ತಿತು. ತಪ್ಪು ಇದ್ದುದು ಅಲ್ಲಿ. ಒಳಗಿಟ್ಟ ಮೇಲೆ ಅದರ ಹಸಿವು, ನೀರು, ಆಟ, ನೆರಳು ಎಲ್ಲದರ ಹೊಣೆ ನಮ್ಮದೇ ಆಗುತ್ತದೆ ಎಂಬುದು ಅದರ ಇನ್ನೊಂದು ಮುಖ. ಈದ್‌ಗೆ ನಾಲ್ಕು ದಿನ ಊರಿಗೆ ಹೊರಟು, ಒಂದು ಬಟ್ಟಲು ಅನ್ನ ಇಟ್ಟು ಬಾಲ್ಕನಿ ಬಾಗಿಲು ಅರ್ಧ ತೆರೆದು ಬೀಗ ಹಾಕುವವರು ಯೋಚಿಸಬೇಕಾದ ಮುಖ ಇದು. ಪಕ್ಕದ ಮನೆಯವರಿಗೆ ಕೀಲಿ ಕೊಡಿ, ಇಲ್ಲವೇ ಬುಟ್ಟಿಯಲ್ಲಿ ಕೂರಿಸಿ ಜೊತೆಗೇ ಕರೆದೊಯ್ಯಿರಿ. ಒಳಗಿನ ಬೆಕ್ಕಿಗೆ ಹತ್ತಲು ಒಂದು ಎತ್ತರದ ಕಪಾಟು, ಪರಚಲು ನಾರಿನ ಹಗ್ಗ ಸುತ್ತಿದ ಕಂಬ, ಸಂಜೆ ಹದಿನೈದು ನಿಮಿಷ ಮಕ್ಕಳ ಜೊತೆ ದಾರದಾಟ ಇದ್ದರೆ ಅದು ಹೊರಗಿನದಕ್ಕೆ ಹಂಬಲಿಸುವುದು ಬಹಳ ಕಡಿಮೆಯಾಗುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಶುಚಿತ್ವದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಬೆಕ್ಕು ನಜಸ್ ಅಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವ ಎಂಬ ಪ್ರವಾದಿ(ಸ)ರ ಮಾತನ್ನು ಅಬೂ ಕತಾದ(ರ) ವರದಿ ಮಾಡಿದ್ದಾರೆ. ತಮ್ಮ ವುಝೂವಿನ ನೀರನ್ನು ಕುಡಿಯಲು ಬಂದ ಬೆಕ್ಕಿಗೆ ಅವರು ಪಾತ್ರೆಯನ್ನು ಓರೆ ಮಾಡಿ ಹಿಡಿದಿದ್ದರು. ಆದರೆ ಅದರ ಮಲಮೂತ್ರಕ್ಕೆ ಈ ವಿನಾಯಿತಿ ಇಲ್ಲ. ಮಲವಿಸರ್ಜನೆಗೆ ಇಟ್ಟ ಮರಳಿನ ತಟ್ಟೆಯನ್ನು ದಿನವೂ ಶುಚಿ ಮಾಡಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇದ್ದರೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಆ ಅವಕಾಶವೇ ಇರುವುದಿಲ್ಲ. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ. ಬೆಕ್ಕನ್ನೇ ಹೊರಗೆ ಬಿಟ್ಟುಬರಬೇಕಾಗಿಲ್ಲ.

ನೆಲ ಒರೆಸಲು ನಾವು ಬಳಸುವ ಫಿನಾಯಿಲ್ ಮಾತ್ರ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಕರಗಿಸಿ ಹೊರಹಾಕುವ ಕೆಲವು ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಸೋಪಿನ ನೀರು ಸಾಕು. ಇದೇ ಕಾರಣಕ್ಕೆ, ಜ್ವರದಂತೆ ಕಂಡಿತೆಂದು ಪ್ಯಾರಸಿಟಮಾಲ್ ಚೂರು ತಿನ್ನಿಸಿದರೆ ಅದೊಂದೇ ಬೆಕ್ಕನ್ನು ಕೊಲ್ಲಬಹುದು. ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ಹಾಗೆಯೇ. ಬಿರಿಯಾನಿಯ ಎಲುಬು ಬೆಂದ ಮೇಲೆ ಸಿಗುರಾಗಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ; ಅದರ ಈರುಳ್ಳಿ ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ.

ಹಕ್ಕಿ ಸಾಕುವವರಿಗೂ ಎರಡು ಮಾತು. ಗುರುವಾರ ಸಂಜೆ ಲೋಬಾನ ಹಾಕುವ ಕೋಣೆಯಲ್ಲಿ ಲವ್‌ಬರ್ಡ್ ಪಂಜರ ಇರಬಾರದು. ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಹೊಗೆ ಹೊರಗೆ ಹೋಗುವುದೂ ಇಲ್ಲ. ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಖಾಲಿ ಕಾದರೆ ಹೊರಡುವ ಆವಿ ಹಕ್ಕಿಗಳನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ಪಂಜರವನ್ನು ಬಾಲ್ಕನಿಯಲ್ಲಿಟ್ಟು ಮರೆತರೆ ಮಧ್ಯಾಹ್ನದ ಬಿಸಿಲೇ ಸಾಕು. ಇನ್ನು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ‘ಮಿಟ್ಟು’ ಎಂದು ಸಾಕುತ್ತ ಬಂದ ಕೆಂಪು ಕೊಕ್ಕಿನ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಹಕ್ಕಿ. ಅದನ್ನು ಕೊಳ್ಳುವುದು, ಸಾಕುವುದು ಎರಡೂ ಅಪರಾಧ.

ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿಯೇ ಬೇಡ ಎಂದರೆ ಹೆದರಬೇಕಾಗಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಆದರೆ ಬಲೆ ಕಟ್ಟಿಸುವ ಮುಂಚೆ ಮಾತ್ರ ಸಂಘಕ್ಕೂ ಮನೆ ಮಾಲೀಕರಿಗೂ ಒಂದು ಪತ್ರ ಕೊಡುವುದು ಲೇಸು. ಕಟ್ಟಡದ ಹೊರನೋಟ ಕೆಡುತ್ತದೆ ಎಂಬ ತಕರಾರು ಬಂದರೆ ಬಲೆಯನ್ನು ಕಂಬಿಯ ಒಳಬದಿಗೆ ಕಟ್ಟಿಸಬಹುದು. ಹಾಗೆಯೇ ರೇಬಿಸ್ ಲಸಿಕೆಯ ಕಾರ್ಡ್ ಕೈಯಲ್ಲಿರಲಿ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ಗಡುವಿಗೆ. ಲಸಿಕೆಯಾಗದ ಬೆಕ್ಕು ಕಚ್ಚಿದರೆ ಅಥವಾ ಪರಚಿ ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಷ್ಟಾಗಿಯೂ ಬೆಕ್ಕು ಬಿದ್ದರೆ? ಅದು ಎದ್ದು ನಡೆದಾಡುತ್ತಿದ್ದರೂ ನೆಮ್ಮದಿ ಬೇಡ. ಎದೆಯೊಳಗೆ ಗಾಳಿ ಅಥವಾ ರಕ್ತ ತುಂಬಿದ ಬೆಕ್ಕು ಮೊದಲ ಗಂಟೆಗಳಲ್ಲಿ ಚೆನ್ನಾಗಿಯೇ ಕಂಡು ರಾತ್ರಿಯೊಳಗೆ ಸಾಯಬಹುದು. ಬಾಯಿ ತೆರೆದು ಏದುಸಿರು ಬಿಡುವುದು, ಮೂಗಿನಲ್ಲಿ ರಕ್ತ, ವಸಡು ಬಿಳಿಚಿಕೊಳ್ಳುವುದು, ಹಿಂಗಾಲು ಎಳೆಯುವುದು, ಮೂತ್ರ ಕಟ್ಟುವುದು, ಇವೆಲ್ಲ ಒಳಪೆಟ್ಟಿನ ಗುರುತು. ಹಾಲು, ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಟವೆಲಿನ ಮೇಲೆ ಮೆಲ್ಲಗೆ ಸರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಪಶುವೈದ್ಯರಲ್ಲಿಗೆ ಒಯ್ಯಿರಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಊರಿನ ಕಡೆಯವರಿಗೆ ತಾಲ್ಲೂಕಿನ ಪಶು ಆಸ್ಪತ್ರೆ. ಕೆಳಗೆ ಹೋದಾಗ ಬೆಕ್ಕು ಕಾಣದಿದ್ದರೆ ಅದು ಓಡಿಹೋಯಿತೆಂದು ಮರಳಬೇಡಿ. ನೋವಾದ ಬೆಕ್ಕು ದೂರ ಹೋಗುವುದಿಲ್ಲ. ಗಿಡಗಳ ಬುಡ, ಪಾರ್ಕಿಂಗಿನ ಕಾರುಗಳ ಅಡಿ, ಜನರೇಟರ್ ಕೋಣೆಯ ಹಿಂದೆ ಟಾರ್ಚ್ ಹಿಡಿದು ಹುಡುಕಿ. ಕರೆದರೆ ಓಗೊಡದೆಯೂ ಇರಬಹುದು. ಕತ್ತಲಲ್ಲಿ ಬೆಳಕು ಬಿದ್ದಾಗ ಕಣ್ಣು ಹೊಳೆಯುತ್ತದೆ.