ಲೇಸರ್ ಕಣ್ಣಿನ ಚಿಕಿತ್ಸೆ : ಮುನ್ನ ಮತ್ತು ಅನಂತರ

ಕನ್ನಡಕ ಬೇಡವೆನ್ನುವವರು ಇಂದು ಲೇಸಿಕ್ ಎಂಬ ಲೇಸರ್ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದುಂಟು. ಇದರಲ್ಲಿ ಲೇಸರ್ ಕೆಲಸ ಮಾಡುವುದು ಕೆಲವೇ ಸೆಕೆಂಡುಗಳ ಕಾಲ. ಆದರೆ ಚಿಕಿತ್ಸೆಯ ಸುರಕ್ಷತೆ ಬಹುಮಟ್ಟಿಗೆ ನಿಂತಿರುವುದು ಅದಕ್ಕೆ ಮೊದಲು ನಡೆಯುವ ಅಳತೆಗಳ ಮೇಲೆ ಮತ್ತು ಅನಂತರ ನೀವು ವಹಿಸುವ ಎಚ್ಚರದ ಮೇಲೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯ. ಸಮೀಪದೃಷ್ಟಿ ಇರುವವರಲ್ಲಿ ಬೆಳಕಿನ ಕಿರಣಗಳು ರೆಟಿನವನ್ನು ತಲಪುವ ಮೊದಲೇ ಒಂದೆಡೆ ಸೇರುತ್ತವೆ. ಕಾರ್ನಿಯದ ನಡುಭಾಗವನ್ನು ತುಸು ಚಪ್ಪಟೆ ಮಾಡಿದರೆ ಅವು ರೆಟಿನದ ಮೇಲೆಯೇ ಸೇರುತ್ತವೆ. ಇದಕ್ಕಾಗಿ ಕಾರ್ನಿಯದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ತೆರೆದು, ಕೆಳಗಿನ ಅಂಗಾಂಶವನ್ನು ಎಕ್ಸೈಮರ್ ಲೇಸರಿನಿಂದ ತೆಗೆದು, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. 193 ನ್ಯಾನೊಮೀಟರ್ ತರಂಗದೂರದ ಈ ಅತಿನೇರಿಳೆ ಕಿರಣ ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶವನ್ನು ಕೆತ್ತಬಲ್ಲದು. ಇದನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟವರು ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಸಂಗಡಿಗರು. ಹಬ್ಬದೂಟದಲ್ಲಿ ಮಿಕ್ಕಿದ ಟರ್ಕಿ ಕೋಳಿಯೇ ಅವರ ಪ್ರಯೋಗವಸ್ತು!

ಅಳತೆ ಏಕೆ ಮುಖ್ಯ?

ಹೀಗೆ ತೆಗೆದ ಅಂಗಾಂಶ ಮತ್ತೆ ಬೆಳೆಯದು. ಕಾರ್ನಿಯದ ನಡುಭಾಗದ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮೇಲಿನ ಹಾಳೆಗೆ 110 ಮೈಕ್ರಾನ್ ಹೋಯಿತೆನ್ನೋಣ. 6 ಮಿಲಿಮೀಟರ್ ಅಗಲದ ವಲಯದಲ್ಲಿ ಪ್ರತಿ ಡಯಾಪ್ಟರ್ ದೋಷಕ್ಕೆ ಸುಮಾರು 12 ಮೈಕ್ರಾನ್ ಕೆತ್ತಬೇಕು. 6 ಡಯಾಪ್ಟರಿಗೆ 72. ಉಳಿಯುವುದು 358 ಮೈಕ್ರಾನ್. ಹಾಳೆಯ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕೆಂಬುದು ರೂಢಿಯ ನಿಯಮ. ಕಾರ್ನಿಯ ತೆಳುವಾಗಿದ್ದು ದೋಷ ಹೆಚ್ಚಿದ್ದರೆ ಲೆಕ್ಕ ಕೂಡಿಬಾರದು. ಕಾರ್ನಿಯ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ರೋಗದ ಸುಳಿವಿದ್ದರೂ ಲೇಸಿಕ್ ಸಲ್ಲದು. ವೈದ್ಯರು ‘ಬೇಡ’ ಎಂದರೆ ನಿರಾಶರಾಗಬೇಡಿ, ಅದು ನಿಮ್ಮ ದೃಷ್ಟಿಯನ್ನು ಉಳಿಸುವ ಮಾತು.

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯದ ಆಕಾರವನ್ನೇ ಬದಲಿಸುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಮೃದು ಲೆನ್ಸನ್ನು ಕನಿಷ್ಠ 2 ವಾರ, ಗಡಸು ಲೆನ್ಸನ್ನು 3–4 ವಾರ ಬಿಟ್ಟಿರಬೇಕು. ವಯಸ್ಸು 18 ದಾಟಿರಬೇಕು; ಕನ್ನಡಕದ ಸಂಖ್ಯೆ ಒಂದು ವರ್ಷವಾದರೂ ಸ್ಥಿರವಾಗಿರಬೇಕು. ಗರ್ಭಿಣಿಯರು, ಮೊಲೆಯೂಡಿಸುವವರು ಕಾಯುವುದು ಲೇಸು. ಚಿಕಿತ್ಸೆಯ ಹಿಂದಿನ ದಿನದಿಂದಲೇ ಕಾಡಿಗೆ, ಕ್ರೀಮು, ಸುಗಂಧ ಬೇಡ. ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲಿ.

ಅನಂತರದ ವಾರಗಳು

ಹಾಳೆಗೆ ಹೊಲಿಗೆ ಇಲ್ಲ. ಕಾರ್ನಿಯದಲ್ಲಿ ರಕ್ತನಾಳಗಳೂ ಇಲ್ಲವಾದ್ದರಿಂದ ಅದು ನಿಧಾನವಾಗಿ ಅಂಟಿಕೊಳ್ಳುತ್ತದೆ. ಕಣ್ಣುಜ್ಜಿದರೆ ಹಾಳೆ ಸರಿದೀತು. ನಿದ್ರೆಯಲ್ಲಿ ಕೈ ತಾಗದಂತೆ, ವೈದ್ಯರು ಹೇಳಿದಷ್ಟು ದಿನ ರಕ್ಷಾಕವಚ ಧರಿಸಿ. ಕಾಡಿಗೆ, ಕ್ರೀಮುಗಳನ್ನು 2 ವಾರ ದೂರವಿಡಿ. ಕೆರೆ, ಈಜುಕೊಳದ ನೀರಿನಲ್ಲಿ ಸೋಂಕುಕಾರಕ ಜೀವಿಗಳಿರಬಹುದು. 1–2 ತಿಂಗಳು ಈಜು ಬೇಡ. ಪೆಟ್ಟು ಬೀಳುವ ಆಟಗಳನ್ನು ಕನಿಷ್ಠ 4 ವಾರ ಬಿಡಿ.

ಮೊದಲ ಕೆಲವು ಗಂಟೆ ಉರಿ, ನೀರು ಸುರಿಯುವಿಕೆ ಸಹಜ. ಆದರೆ ತೀವ್ರ ನೋವು ಬಂದರೆ, ಅಥವಾ ದೃಷ್ಟಿ ಸುಧಾರಿಸುವ ಬದಲು ಕುಗ್ಗಿದರೆ, ಮುಂದಿನ ಭೇಟಿಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಿ. ಕಾರ್ನಿಯದ ನರತಂತುಗಳು ತುಂಡಾಗುವುದರಿಂದ ಕೆಲವು ತಿಂಗಳು ಕಣ್ಣು ಒಣಗಬಹುದು. ಕೆಲವರಲ್ಲಿ ಇದು ಉಳಿದುಬಿಡುವುದೂ ಉಂಟು. ಸ್ಟೀರಾಯ್ಡ್ ಹನಿಗಳನ್ನು ಹೇಳಿದ ಅವಧಿಗಿಂತ ಹೆಚ್ಚು ದಿನ ಹಾಕಿಕೊಳ್ಳಬೇಡಿ, ಕಣ್ಣಿನ ಒಳ ಒತ್ತಡ ಏರೀತು.

ಚಿಕಿತ್ಸೆಗೆ ಮುಂಚಿನ ಅಳತೆಗಳ ಪ್ರತಿಯನ್ನು ಜೋಪಾನವಾಗಿಡಿ. ತೆಳುವಾದ ಕಾರ್ನಿಯದಲ್ಲಿ ಒಳ ಒತ್ತಡ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಮುಂದೆ ಪೊರೆ ಬಂದಾಗ ಮಸೂರದ ಲೆಕ್ಕವೂ ತಪ್ಪಬಹುದು. ಇನ್ನೊಂದು ಮಾತು: ಲೇಸರ್ ತಿದ್ದುವುದು ಕಾರ್ನಿಯವನ್ನು ಮಾತ್ರ. ಹೆಚ್ಚಿನ ಸಮೀಪದೃಷ್ಟಿಯವರ ಉದ್ದನೆಯ ಕಣ್ಣುಗುಡ್ಡೆ ಹಾಗೆಯೇ ಇರುತ್ತದೆ, ರೆಟಿನ ಕಳಚುವ ಅಪಾಯವೂ ಹಾಗೆಯೇ. ಕನ್ನಡಕ ಹೋಯಿತೆಂದು ಕಣ್ಣಿನ ಪರೀಕ್ಷೆಯನ್ನು ಬಿಡಬೇಡಿ.