ಕರೆಂಟು ಹೋದರೆ ಬಿಟ್ಟುಕೊಳ್ಳುವ ಬೀಗ

ಬೆಂಗಳೂರಿನ ಬೊಮ್ಮನಹಳ್ಳಿಯ ಒಳರಸ್ತೆಗಳಲ್ಲಿ ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಪಿ.ಜಿ. ಇರುವ ಕಟ್ಟಡಗಳು ಬೇಕಾದಷ್ಟಿವೆ. ಅಲ್ಲಿನ ಗಾಜಿನ ಬಾಗಿಲುಗಳ ನೆತ್ತಿಯಲ್ಲಿ ಅಲ್ಯೂಮಿನಿಯಂ ಹೊದಿಕೆಯ ಒಂದು ಪಟ್ಟಿ ಇರುತ್ತದೆ. ಮುಟ್ಟಿದರೆ ಬೆಚ್ಚಗೆ. ಅದೇ ಮ್ಯಾಗ್ನೆಟಿಕ್ ಲಾಕ್. ಬಾಗಿಲು ಹಿಡಿದುಕೊಂಡಿರುವಷ್ಟು ಹೊತ್ತೂ ಅದು ಕರೆಂಟು ಎಳೆಯುತ್ತಲೇ ಇರುತ್ತದೆ. ಆ ಬಿಸುಪು ಅದರದ್ದೇ.

ಚೌಕಟ್ಟಿನಲ್ಲಿ ತಾಮ್ರದ ತಂತಿ ಸುತ್ತಿದ ಕಬ್ಬಿಣ, ಬಾಗಿಲಲ್ಲಿ ದಪ್ಪನೆಯ ಕಬ್ಬಿಣದ ಹಲಗೆ, ಇಷ್ಟೇ. 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್, ಅಂದರೆ 6 ವ್ಯಾಟ್. ಒಂದು ಸಣ್ಣ ಎಲ್‌ಇಡಿ ಬಲ್ಬಿಗೆ ಸಾಲುವಷ್ಟು ಕರೆಂಟಿನಲ್ಲಿ ಅದು ಸುಮಾರು 270 ಕಿಲೋ ಎಳೆತಕ್ಕೂ ಜಗ್ಗುವುದಿಲ್ಲ. ಎರಡು ಕಬ್ಬಿಣಗಳ ನಡುವೆ ಸಂದೇ ಇಲ್ಲದಿದ್ದರೆ ಮಾತ್ರ ಆ ಬಲ. ಅದಕ್ಕೇ ಹಲಗೆಯನ್ನು ಪೂರ್ತಿ ಬಿಗಿಯದೆ, ರಬ್ಬರ್ ವಾಷರ್ ಇಟ್ಟು ತುಸು ಅಲುಗಾಡುವಂತೆ ಬಿಡುತ್ತಾರೆ. ಆಗ ಅದು ತಾನಾಗಿ ಹೊಂದಿಕೊಂಡು ಕೂರುತ್ತದೆ. ಲೂಸಾಗಿದೆ ಎಂದು ಯಾರಾದರೂ ತಿರುಪು ಬಿಗಿದರೆ ಒಂದು ಅಂಚು ಕೂದಲೆಳೆಯಷ್ಟು ಏಳುತ್ತದೆ, ಬಲ ಜರ್ರನೆ ಇಳಿಯುತ್ತದೆ.

ಕರೆಂಟು ಹೋದಾಗಲೂ ಬೀಗ ಬಾಗಿಲು ಹಿಡಿಯಬೇಕೆಂದರೆ ಬ್ಯಾಟರಿ ಬೇಕು. ಇಂಥ ವಿದ್ಯುತ್ಕಾಂತ ಹುಟ್ಟಿದ್ದೇ ಬ್ಯಾಟರಿಯ ಮೇಲೆ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಒಂದೇ ಸೆಲ್ಲಿನಿಂದ 200 ಗ್ರಾಂ ಕಬ್ಬಿಣಕ್ಕೆ 4 ಕಿಲೋ ಎತ್ತುವ ಶಕ್ತಿ ಕೊಟ್ಟು ತೋರಿಸಿದ. ಹಾಗಾದರೆ ನಮ್ಮ ಬೀಗವನ್ನೂ ಸೆಲ್ಲಿನಲ್ಲೇ ನಡೆಸಬಹುದಲ್ಲ? ಎಂಟು ಪೆನ್ಸಿಲ್ ಸೆಲ್ ಜೋಡಿಸಿದರೆ 12 ವೋಲ್ಟ್ ಬರುತ್ತದೆ, ಆದರೆ ಮೂರ್ನಾಲ್ಕು ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಅಪಾರ್ಟ್‌ಮೆಂಟುಗಳ ಸ್ಮಾರ್ಟ್ ಲಾಕ್ ನಾಲ್ಕೇ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ನಡೆಯುವುದು ನಿಜ. ಅಲ್ಲಿ ಪುಟ್ಟ ಮೋಟರ್ ಕ್ಷಣಕಾಲ ತಿರುಗಿ ಚಿಲಕ ಸರಿಸಿ ನಿಂತುಬಿಡುತ್ತದೆ. ಆಮೇಲೆ ಬಾಗಿಲು ಹಿಡಿಯುವ ಕೆಲಸ ಚಿಲಕದ್ದು.

ಮ್ಯಾಗ್ನೆಟಿಕ್ ಲಾಕಿಗೆ ಬೇಕಾದದ್ದು 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ. ಏಳನ್ನು ಅರ್ಧದಿಂದ ಭಾಗಿಸಿದರೆ 14 ಗಂಟೆ. ಆದರೆ ಆ ಏಳು, 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. ಹೊಸತರಲ್ಲೇ ಅದಕ್ಕಿಂತ ಕಡಿಮೆ ಬರುತ್ತದೆ, ಬಿಸಿ ಡಬ್ಬಿಯೊಳಗೆ ಎರಡು ಮೂರು ವರ್ಷ ಕೂತ ಬ್ಯಾಟರಿಯಲ್ಲಿ ಇನ್ನೂ ಕಡಿಮೆ. 10.5 ವೋಲ್ಟಿಗಿಂತ ಕೆಳಗೆ ಬಸಿದರೆ ಬ್ಯಾಟರಿಯೇ ಹಾಳು.

ಇದಕ್ಕಿಂತ ದೊಡ್ಡ ಚಿಂತೆ ನನಗೆ ಬೇರೊಂದಿದೆ. ಕರೆಂಟು ಹೋದರೆ ಬಾಗಿಲು ಬಿಟ್ಟುಕೊಳ್ಳುವುದು ಈ ಬೀಗದ ದೊಡ್ಡ ಗುಣ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿಯ ಹೊಗೆ ತುಂಬಿ 9 ಜನ ಪ್ರಾಣ ಬಿಟ್ಟದ್ದನ್ನು ಈ ಊರು ಮರೆಯಬಾರದು. ಹೊಗೆಯಲ್ಲಿ ಓಡಿ ಬಂದವರಿಗೆ ಬಾಗಿಲು ಬಿಟ್ಟುಕೊಳ್ಳಲೇಬೇಕು. ಬ್ಯಾಟರಿ ಬಂದರೆ ಆ ಗುಣಕ್ಕೇ ಕುತ್ತು.

ಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹೊಸ ಬ್ಯಾಟರಿ ಹಾಕಿ ಮೈನ್ ಆಫ್ ಮಾಡಿದರು. ಬಾಗಿಲು ಅಲ್ಲಾಡಲಿಲ್ಲ, ಎಲ್ಲರಿಗೂ ಖುಷಿ. ಹಾಗೇ ಫೈರ್ ಅಲಾರಂ ಒತ್ತಿ ನೋಡೋಣ ಎಂದರು ಹಿರಿಯ ಮೆಕ್ಯಾನಿಕ್. ಅಲಾರಂ ಕಿರುಚಿತು, ಬಾಗಿಲು ಆಗಲೂ ಅಲ್ಲಾಡಲಿಲ್ಲ. ಅಲಾರಂನ ರಿಲೇ 230 ವೋಲ್ಟಿನ ಲೈನನ್ನಷ್ಟೇ ಕಡಿಯುತ್ತಿತ್ತು. ಮರುಕ್ಷಣವೇ ಬ್ಯಾಟರಿ ಬೀಗವನ್ನು ಹಿಡಿದುಕೊಳ್ಳುತ್ತಿತ್ತು. ಅವರು ಮಾತಾಡದೆ ಸ್ಟೂಲು ಹತ್ತಿದರು. ರಿಲೇಯ ಎರಡು ತಂತಿ ಬಿಚ್ಚಿ, ಬ್ಯಾಟರಿಯಿಂದ ಬೀಗಕ್ಕೆ ಹೋಗುವ ಲೈನಿಗೇ ಅವನ್ನು ಸೇರಿಸಿದರು. ಒಳಗಿನ ಎಕ್ಸಿಟ್ ಬಟನ್ನನ್ನೂ ಅದೇ ಲೈನಿಗೆ ತಂದರು. ಮತ್ತೆ ಅಲಾರಂ ಒತ್ತಿದಾಗ ಟಕ್ ಎಂಬ ಸದ್ದಾಯಿತು. ಬೆರಳ ತುದಿಯಲ್ಲಿ ತಳ್ಳಿದರೆ ಬಾಗಿಲು ತೆರೆದುಕೊಂಡಿತು.