ಪೆಟ್ಟಿಗೆಗೆ ದುಡ್ಡು ಒಂದೇ ಸಲ, ಆಟಕ್ಕೆ ಪ್ರತಿ ಸಲ: ಗೇಮಿಂಗ್ ಖರ್ಚು ಕಮ್ಮಿ ಮಾಡೋ ಲೆಕ್ಕ

 

ಇವತ್ತಿನ ವಿಷಯ ಒಬ್ಬ ಕೇಳುಗರ ವಾಯ್ಸ್ ನೋಟ್‌ನಿಂದ ಬಂದಿದ್ದು. ಅವರ ಮಾತು ಹೀಗಿದೆ: "ಅಣ್ಣಾ, ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು. ಮನೆಗೆ ಕಳಿಸಿ, ಪಿಜಿ ಬಾಡಿಗೆ ಕಟ್ಟಿ, ಉಳಿದಿದ್ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಅಂತ ಎತ್ತಿಡ್ತಾ ಇದೀನಿ. ಡಿಸ್ಕ್ ಹಾಕೋಕೆ ಆಗದೇ ಇರೋ ಮಾಡೆಲ್ ಹತ್ತು ಸಾವಿರ ಕಮ್ಮಿ ಇದೆ. ಅದನ್ನೇ ತಗೊಂಡ್ಬಿಡ್ಲಾ?"

ಪ್ರಶ್ನೆ ಚಿಕ್ಕದು. ಆದರೆ ಕಷ್ಟಪಟ್ಟು ಎತ್ತಿಟ್ಟ ದುಡ್ಡಿನ ಪ್ರಶ್ನೆ. ಹಾಗಾಗಿ ಹೂಂ ಅಥವಾ ಊಹೂಂ ಅಂತ ಒಂದೇ ಮಾತಲ್ಲಿ ಮುಗಿಸೋದು ಬೇಡ, ಕೂತು ಲೆಕ್ಕ ಹಾಕೋಣ.

ಬೆಲೆ ಬೇರೆ, ಖರ್ಚು ಬೇರೆ

ಬಿ.ಕಾಂನಲ್ಲಿ ಮೊದಲ ವರ್ಷವೇ ಹೇಳಿಕೊಡೋ ಒಂದು ಪಾಠ ಇದೆ. ಒಂದು ವಸ್ತುವನ್ನ ಕೊಳ್ಳೋ ಬೆಲೆ ಬೇರೆ, ಅದನ್ನ ಇಟ್ಕೊಂಡು ನಡೆಸೋ ಖರ್ಚು ಬೇರೆ. ಬೈಕ್ ವಿಷಯದಲ್ಲಿ ಇದು ನಮಗೆ ತಾನಾಗೇ ಗೊತ್ತಿರುತ್ತೆ. ಶೋರೂಮಿಗೆ ಹೋದ ತಕ್ಷಣ "ಮೈಲೇಜ್ ಎಷ್ಟು?" ಅಂತ ಕೇಳ್ತೀವಿ. ಕನ್ಸೋಲ್ ಕೊಳ್ಳುವಾಗ ಮಾತ್ರ ಈ ಪ್ರಶ್ನೆ ಮರೆತುಹೋಗುತ್ತೆ.

ಕನ್ಸೋಲ್‌ನ ಮೈಲೇಜ್ ಅಂದ್ರೆ ಏನು? ಒಂದು ಆಟ ಆಡಿ ಮುಗಿಸೋಕೆ ನಿಮ್ಮ ಕೈಯಿಂದ ಕೊನೆಗೆ ಎಷ್ಟು ಹೋಯ್ತು ಅನ್ನೋದು. ಪೆಟ್ಟಿಗೆಗೆ ದುಡ್ಡು ಕೊಡೋದು ಒಂದೇ ಸಲ. ಆಟಕ್ಕೆ, ಆನ್‌ಲೈನ್ ಚಂದಾಕ್ಕೆ ಕೊಡೋದು ಪದೇ ಪದೇ. ಉಳಿತಾಯ ಆಗೋದೂ, ಸೋರಿ ಹೋಗೋದೂ ಈ ಎರಡನೇ ಕಡೆಯಲ್ಲೇ.

ಇನ್ನೊಂದು ವಿಷಯ. ಮೊದಲೆಲ್ಲ ಕನ್ಸೋಲ್ ಹಳೇದಾದಷ್ಟೂ ಬೆಲೆ ಇಳೀತಿತ್ತು. ಸ್ವಲ್ಪ ದಿನ ಕಾದರೆ ಅಗ್ಗವಾಗಿ ಸಿಗೋದು. ಪಿಎಸ್5 ವಿಷಯದಲ್ಲಿ ಅದು ತಿರುಗಾಮುರುಗಾ ಆಯ್ತು. ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಮಾಡೆಲ್ 49,990 ರೂಪಾಯಿ, ಡಿಜಿಟಲ್ ಮಾಡೆಲ್ 39,990. 2022ರ ಕೊನೆಗೆ ಎರಡಕ್ಕೂ ಐದೈದು ಸಾವಿರ ಏರಿತು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಬಂದಾಗಲೂ ಅದೇ 54,990 ಮತ್ತು 44,990. ಹಾಗಾಗಿ "ಮುಂದಿನ ವರ್ಷ ಕಮ್ಮಿ ಆಗುತ್ತೆ" ಅಂತ ಸುಮ್ನೆ ಕಾಯೋದ್ರಲ್ಲಿ ಅರ್ಥ ಇಲ್ಲ. ದಸರಾ, ದೀಪಾವಳಿ ಸೀಸನ್ ಆಫರ್‌ಗೆ ಕಾಯೋದು ಬೇರೆ ಮಾತು, ಅದು ಜಾಣತನ.

ಡಿಸ್ಕಾ, ಡಿಜಿಟಲ್ಲಾ?

ಈಗ ಕೇಳುಗರ ಪ್ರಶ್ನೆಗೆ ಬರೋಣ. ಎರಡು ಮಾಡೆಲ್ ನಡುವೆ ವ್ಯತ್ಯಾಸ 10,000 ರೂಪಾಯಿ ಅಂತ ಇಟ್ಕೊಳ್ಳಿ.

ಸೋನಿಯ ದೊಡ್ಡ ಪಿಎಸ್5 ಆಟಗಳು ಹೊಸದಾಗಿ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ 4,999 ರೂಪಾಯಿ. ಡಿಜಿಟಲ್‌ನಲ್ಲಿ ಕೊಂಡರೆ ಆ ದುಡ್ಡು ಹೋಯ್ತು, ಅಷ್ಟೇ. ಆಟ ಮುಗಿದ ಮೇಲೆ ಮಾರೋಕಾಗಲ್ಲ, ಇನ್ನೊಬ್ಬರಿಗೆ ಕೊಡೋಕೂ ಆಗಲ್ಲ. ಡಿಸ್ಕ್ ಆದರೆ ಒಂದೂವರೆ ತಿಂಗಳಲ್ಲಿ ಮುಗಿಸಿ, 3,000ಕ್ಕೆ ಮಾರಿದಿರಿ ಅಂದ್ಕೊಳ್ಳಿ. ನಿಮ್ಮ ಖರ್ಚು 2,000. ಒಂದು ಆಟಕ್ಕೆ 3,000 ಉಳೀತು. ಅಂದ್ರೆ ನಾಲ್ಕನೇ ಆಟಕ್ಕೇ ಆ 10,000 ವಾಪಸ್ ಬಂದಾಯ್ತು. ಆಮೇಲೆ ಉಳಿದಿದ್ದೆಲ್ಲ ಲಾಭ.

"ಡಿಜಿಟಲ್ ಸ್ಟೋರ್‌ನಲ್ಲೂ ಸೇಲ್ ಬರುತ್ತಲ್ಲ?" ಅಂತ ನೀವು ಕೇಳಬಹುದು. ಬರುತ್ತೆ, ಸರಿಯಾದ ಪ್ರಶ್ನೆ. ಆ ಲೆಕ್ಕವನ್ನೂ ಹಾಕೋಣ. ಹಳೇ ಆಟ ಸೇಲ್‌ನಲ್ಲಿ 2,500ಕ್ಕೆ ಸಿಕ್ತು ಅಂತಿಟ್ಕೊಳ್ಳಿ. ಅದೇ ಆಟದ ಸೆಕೆಂಡ್ ಹ್ಯಾಂಡ್ ಡಿಸ್ಕ್ 2,000ಕ್ಕೆ ತಗೊಂಡು, ಆಡಿ, 1,500ಕ್ಕೆ ಮಾರಿದರೆ ಖರ್ಚು ಬರೀ 500. ಉಳಿತಾಯ 2,000. ಈಗ ಐದು ಆಟಕ್ಕೆ ಲೆಕ್ಕ ಸರಿಹೋಗುತ್ತೆ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಊರಿನ ಅಂಗಡಿ ರೇಟ್ ಹಾಕಿ ನೀವೇ ಕೂಡಿಸಿ ನೋಡಿ. ನಾಲ್ಕು ಇರಲಿ ಐದು ಇರಲಿ, ಕನ್ಸೋಲ್ ನಿಮ್ಮ ಹತ್ರ ಐದಾರು ವರ್ಷ ಇರುತ್ತೆ ಅನ್ನೋದು ನೆನಪಿರಲಿ.

ಡಿಸ್ಕ್ ಡ್ರೈವ್ ಇದ್ದರೆ ಇನ್ನೂ ಎರಡು ಅನುಕೂಲ. ಪಿಎಸ್5 ಬಹುತೇಕ ಎಲ್ಲ ಪಿಎಸ್4 ಡಿಸ್ಕ್‌ಗಳನ್ನೂ ಆಡಿಸುತ್ತೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗೋದು ಅವೇ. ಎರಡನೇದು ಗೆಳೆಯರು. ಒಂದೇ ಪಿಜಿಯಲ್ಲೋ ಒಂದೇ ಏರಿಯಾದಲ್ಲೋ ನಾಲ್ಕು ಜನ ಇದ್ದು, ಒಬ್ಬೊಬ್ಬರು ಒಂದೊಂದು ಆಟ ಕೊಂಡು ಬದಲಾಯಿಸಿಕೊಂಡರೆ, ಒಂದರ ದುಡ್ಡಿಗೆ ನಾಲ್ಕು ಆಟ. ನಮ್ಮ ಅಪ್ಪ ಅಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು ಓದಿ ವಾಪಸ್ ಕೊಡ್ತಿದ್ದ ಹಾಗೆ.

ಹಾಗಂತ ಎಲ್ಲರಿಗೂ ಡಿಸ್ಕೇ ಸರಿ ಅಲ್ಲ. ನೀವು ವರ್ಷವಿಡೀ ಒಂದೇ ಫುಟ್ಬಾಲ್ ಆಟ ಆಡೋರಾ? ಅಥವಾ ಫೋರ್ಟ್‌ನೈಟ್ ತರ ಉಚಿತ ಆಟ ಮಾತ್ರ ಆಡೋರಾ? ಹಾಗಿದ್ದರೆ ಡಿಜಿಟಲ್ ಮಾಡೆಲ್ ತಗೊಳ್ಳಿ, ಹತ್ತು ಸಾವಿರ ನಿಜವಾಗ್ಲೂ ಉಳಿಯುತ್ತೆ. ಸ್ಲಿಮ್ ಡಿಜಿಟಲ್ ಮಾಡೆಲ್‌ಗೆ ಡಿಸ್ಕ್ ಡ್ರೈವ್ ಬೇರೆಯಾಗಿ ತಂದು ಜೋಡಿಸೋ ಅವಕಾಶವೂ ಇದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಆ ಅವಕಾಶ ಇಲ್ಲ. ಅದರಲ್ಲಿ ಡಿಸ್ಕ್ ಹಾಕೋಕೆ ಜಾಗವೇ ಇಲ್ಲ, ಕೊನೇ ತನಕ ಸ್ಟೋರ್ ಹೇಳಿದ ರೇಟೇ ರೇಟು.

ಚಂದಾ ಅನ್ನೋ ತೂತು

ಬಕೆಟ್‌ನಲ್ಲಿ ಸಣ್ಣ ತೂತು ಇದ್ದರೆ ತಕ್ಷಣ ಗೊತ್ತಾಗಲ್ಲ, ಬೆಳಿಗ್ಗೆ ಎದ್ದು ನೋಡಿದರೆ ನೀರಿರಲ್ಲ. ಚಂದಾ ಕೂಡ ಹಂಗೇ.

ಪಿಎಸ್ ಪ್ಲಸ್ ಎಸೆನ್ಷಿಯಲ್ ಅನ್ನೋ ಮೊದಲ ಹಂತದ ಚಂದಾ ತಗೊಳ್ಳಿ. ವರ್ಷದ್ದು 2,999 ರೂಪಾಯಿ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನ 3,949 ಮಾಡಿದರು. ಆಗ ತಿಂಗಳದ್ದು 499ರಲ್ಲೇ ಇತ್ತು. ಎಲ್ಲರೂ "ವರ್ಷದ್ದೇ ಅಗ್ಗ" ಅಂತಾರೆ. ಹನ್ನೆರಡು ತಿಂಗಳೂ ಆಡಿದರೆ ನಿಜ. 499ರಂತೆ 12 ತಿಂಗಳಿಗೆ 5,988 ಆಗುತ್ತೆ, ಅಂದ್ರೆ 2,039 ರೂಪಾಯಿ ಉಳಿತಾಯ. ಆದರೆ ಪರೀಕ್ಷೆ, ಆಫೀಸಿನ ಕ್ವಾರ್ಟರ್ ಎಂಡ್, ಊರಿನ ಹಬ್ಬ, ಮದುವೆ ಸೀಸನ್ ಎಲ್ಲ ಕಳೆದರೆ ನೀವು ಆನ್‌ಲೈನ್ ಆಡೋದು ಎಷ್ಟು ತಿಂಗಳು? ಏಳು ತಿಂಗಳಾದರೆ ಬಿಡಿ ಬಿಡಿಯಾಗಿ ಕಟ್ಟಿದರೂ 3,493. ವರ್ಷದ್ದಕ್ಕಿಂತ ಕಮ್ಮಿ! ಎಂಟನೇ ತಿಂಗಳಿಗೆ ಲೆಕ್ಕ ತಿರುಗುತ್ತೆ. ಈಗಿನ ದರ ಎಷ್ಟೇ ಇರಲಿ, ಸೂತ್ರ ಇದೇ: ವರ್ಷದ ಚಂದಾವನ್ನ ತಿಂಗಳ ಚಂದಾದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಕಮ್ಮಿ ತಿಂಗಳು ಆಡೋದಾದರೆ ತಿಂಗಳದ್ದೇ ಸಾಕು.

ಎಕ್ಸ್‌ಬಾಕ್ಸ್ ಗೇಮ್ ಪಾಸ್ ಅಲ್ಟಿಮೇಟ್ ನೋಡಿ. 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 829 ಇದ್ದಿದ್ದು ಒಮ್ಮೆಲೇ 1,389 ಆಯ್ತು. ವರ್ಷಕ್ಕೆ ಲೆಕ್ಕ ಹಾಕಿದರೆ 9,948ರಿಂದ 16,668. ನೂರಾರು ಆಟ ಸಿಗುತ್ತೆ ಅನ್ನೋದು ಸುಳ್ಳಲ್ಲ. ಆದರೆ ಕೆಲಸಕ್ಕೆ ಹೋಗೋರಿಗೆ ತಿಂಗಳಿಗೆ ಒಂದು ಆಟ ಮುಗಿಸೋದೇ ಹೆಚ್ಚು. ಬಫೆಗೆ ಹೋಗಿ ಎರಡು ಇಡ್ಲಿ ತಿಂದು ಬಂದ ಹಾಗಾಗಬಾರದು. ನಿಮಗೆ ಬೇಕಾದ ಆಟ ಬಂದ ತಿಂಗಳು ಸೇರಿ, ಆಡಿ, ಹೊರಗೆ ಬನ್ನಿ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಫೋರ್ಟ್‌ನೈಟ್, ರಾಕೆಟ್ ಲೀಗ್ ತರದ ಉಚಿತ ಆಟಗಳನ್ನ ಆನ್‌ಲೈನ್‌ನಲ್ಲಿ ಆಡೋಕೆ ಪ್ಲೇಸ್ಟೇಷನ್‌ನಲ್ಲಿ ಪ್ಲಸ್ ಬೇಡ. ಎಕ್ಸ್‌ಬಾಕ್ಸ್ ಕೂಡ 2021ರಲ್ಲಿ ಈ ಷರತ್ತು ತೆಗೆದುಹಾಕ್ತು. ದುಡ್ಡು ಕೊಟ್ಟು ಕೊಂಡ ಆಟಗಳ, ಉದಾಹರಣೆಗೆ ಜಿಟಿಎ ಆನ್‌ಲೈನ್‌ನ, ಮಲ್ಟಿಪ್ಲೇಯರ್‌ಗೆ ಚಂದಾ ಬೇಕು. ಒಬ್ಬರೇ ಆಡೋ ಕಥೆಯ ಆಟಗಳಿಗೂ ಬೇಡ.

ಆಟೋ ಡೆಬಿಟ್ ನಿಲ್ಲಿಸೋದು

ಚಂದಾ ಕಟ್ಟಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ರಿನ್ಯೂಯಲ್ ಆಫ್ ಮಾಡಿ. ಕಟ್ಟಿದ ಅವಧಿ ಮುಗಿಯೋವರೆಗೆ ಏನೂ ನಿಲ್ಲಲ್ಲ. ಬೇಕು ಅನ್ಸಿದರೆ ಮತ್ತೆ ಕಟ್ಟಿದರಾಯ್ತು.

ಈ ವಿಷಯದಲ್ಲಿ ಕಾನೂನು ನಮ್ಮ ಕಡೆ ಇದೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂತು. ಅದರ ಪ್ರಕಾರ, ಕಾರ್ಡ್‌ನಿಂದ ಹೀಗೆ ಪದೇ ಪದೇ ದುಡ್ಡು ಕಡಿತ ಆಗೋ ಮುಂಚೆ, ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ನಿಮಗೆ ಮೆಸೇಜ್ ಕಳಿಸಲೇಬೇಕು. ಬೇಡ ಅಂತ ಹೇಳೋ ದಾರಿಯನ್ನೂ ಕೊಡಬೇಕು. ಆ ಎಸ್‌ಎಂಎಸ್‌ನ ಸ್ಪ್ಯಾಮ್ ಅಂದ್ಕೊಂಡು ಸ್ವೈಪ್ ಮಾಡಬೇಡಿ. ಯುಪಿಐನಲ್ಲಿ ಕಟ್ಟಿದ್ದರೆ, ನಿಮ್ಮ ಆ್ಯಪ್‌ನಲ್ಲಿ ಆಟೋಪೇ ಅನ್ನೋ ಜಾಗ ಇರುತ್ತೆ. ಒಂದು ಸಲ ತೆಗೆದು ನೋಡಿ. ಆಟದ ಚಂದಾ ಮಾತ್ರ ಅಲ್ಲ, ಮರೆತೇಹೋದ ಇನ್ನೂ ಏನೇನೋ ಸಿಗಬಹುದು.

ನೋ ಕಾಸ್ಟ್ ಇಎಂಐಗೂ ಕಾಸ್ಟ್ ಇದೆ

54,990 ರೂಪಾಯಿಗೆ ಆರು ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ 9,165. ಕೇಳೋಕೆ ಚೆನ್ನಾಗಿದೆ. ಒಳಗೆ ನಡೆಯೋದು ಏನು? ಬ್ಯಾಂಕ್ ಬಡ್ಡಿ ಹಾಕೇ ಹಾಕುತ್ತೆ. ಆ ಬಡ್ಡಿಯಷ್ಟನ್ನ ಮಾರೋರು ಬೆಲೆಯಲ್ಲಿ ಡಿಸ್ಕೌಂಟ್ ಕೊಡ್ತಾರೆ. ವರ್ಷಕ್ಕೆ ಶೇ 15ರ ಬಡ್ಡಿ ಅಂದ್ಕೊಂಡರೆ ಇಲ್ಲಿ ಬಡ್ಡಿ ಸುಮಾರು 2,300. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮಾತ್ರ ನಿಮ್ಮ ತಲೆಗೆ, ಸುಮಾರು 420 ರೂಪಾಯಿ. ಪ್ರೊಸೆಸಿಂಗ್ ಫೀ ಇದ್ದರೆ ಅದು ಬೇರೆ.

ಇದೇನು ದೊಡ್ಡ ಮೊತ್ತ ಅಲ್ಲ. ಅಪಾಯ ಇರೋದು ಬೇರೆ ಕಡೆ. ಒಂದು ಕಂತು ತಪ್ಪಿದರೆ ದಂಡ ಬೀಳುತ್ತೆ, ಕ್ರೆಡಿಟ್ ಸ್ಕೋರ್ ಬೀಳುತ್ತೆ. ನಾಳೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಸಾಲ ಬೇಕು ಅಂದಾಗ ಆ ಸ್ಕೋರ್ ಅಡ್ಡ ಬರುತ್ತೆ. ಆರು ತಿಂಗಳು ಅದೇ 9,165ನ್ನ ಆರ್‌ಡಿಗೆ ಹಾಕಿ. ಹಾಕೋಕಾದರೆ ಕ್ಯಾಶ್‌ನಲ್ಲೇ ಕೊಳ್ಳಬಹುದು, ಮೇಲೆ ನಾಲ್ಕು ಕಾಸು ಬಡ್ಡಿ. ಹಾಕೋಕಾಗದಿದ್ದರೆ, ಇಎಂಐ ಕೂಡ ಕಟ್ಟೋಕಾಗ್ತಿರಲಿಲ್ಲ ಅಂತ ದಂಡ ಇಲ್ಲದೇ ಗೊತ್ತಾಯ್ತು.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ

ಬಳಸಿದ ಕನ್ಸೋಲ್ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ. ಇಷ್ಟು ನೋಡಿ. ಬಿಲ್ ಇದೆಯಾ, ವಾರಂಟಿ ಉಳಿದಿದೆಯಾ? ಮೆಷಿನ್ ಮೇಲಿನ ಸೀರಿಯಲ್ ನಂಬರ್ ಡಬ್ಬಿ ಮೇಲಿನದಕ್ಕೆ ಹೊಂದುತ್ತಾ? ಮಾರೋರ ಮನೆಯಲ್ಲೇ ಟಿವಿಗೆ ಹಾಕಿಸಿ, ನಿಮ್ಮ ಅಕೌಂಟ್‌ನಿಂದ ಲಾಗಿನ್ ಮಾಡಿ ಆನ್‌ಲೈನ್ ಹೋಗುತ್ತಾ ನೋಡಿ, ಬ್ಯಾನ್ ಆದ ಮೆಷಿನ್ ಆದರೆ ಅಲ್ಲೇ ಗೊತ್ತಾಗುತ್ತೆ. ಒಂದು ಡಿಸ್ಕ್ ಹಾಕಿ ಅರ್ಧ ಗಂಟೆ ಆಡಿ. ಫ್ಯಾನ್ ಜೋರಾಗಿ ಕೂಗುತ್ತಾ, ಸ್ಟಿಕ್ ಮುಟ್ಟದೇ ಇದ್ದರೂ ಪಾತ್ರ ತಾನಾಗೇ ನಡೆಯುತ್ತಾ ಗಮನಿಸಿ. ನಿಂಟೆಂಡೊ ಸ್ವಿಚ್ ಆದರೆ ಇನ್ನೊಂದು ವಿಷಯ: ಅದನ್ನ ನಮ್ಮ ದೇಶದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಅಂಗಡಿಯಲ್ಲಿ ಸಿಗೋದು ಹೊರಗಿನಿಂದ ತರಿಸಿದ್ದು. ಕೆಟ್ಟರೆ ಅಂಗಡಿಯವರ ಮಾತೇ ವಾರಂಟಿ.

ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್‌ನಲ್ಲಿ "5,000ದ ಆಟ 800ಕ್ಕೆ" ಅಂತ ಬರೋದನ್ನ ನಂಬಬೇಡಿ. ಅಲ್ಲಿ ಮಾರೋದು ಆಟವನ್ನಲ್ಲ, ಯಾರದ್ದೋ ಅಕೌಂಟಿನ ಪಾಸ್‌ವರ್ಡನ್ನ. ಇದು ಸ್ಟೋರ್ ನಿಯಮಕ್ಕೆ ವಿರುದ್ಧ. ನಾಳೆ ಪಾಸ್‌ವರ್ಡ್ ಬದಲಾದರೆ ಕೇಳೋಕೆ ನಿಮ್ಮ ಹತ್ರ ಬಿಲ್ಲೂ ಇಲ್ಲ, ಅವರ ನಂಬರೂ ಇರಲ್ಲ.

ಕನ್ಸೋಲೇ ಬೇಕಾ ಅನ್ನೋದನ್ನೂ ಒಮ್ಮೆ ಕೇಳ್ಕೊಳ್ಳಿ. ಮನೆಯಲ್ಲಿ ಸುಮಾರಾದ ಗೇಮಿಂಗ್ ಲ್ಯಾಪ್‌ಟಾಪ್ ಇದ್ದರೆ, ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಉಚಿತವಾಗಿ ಆಟ ಕೊಡ್ತಾ ಬಂದಿದೆ. 2020ರ ಮೇನಲ್ಲಿ ಜಿಟಿಎ 5 ಕೂಡ ಕೊಟ್ಟಿತ್ತು. ಸ್ಟೀಮ್‌ನಲ್ಲಿ ಕೊಂಡ ಆಟ ಹಿಡಿಸದಿದ್ದರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್.

ವಾಯ್ಸ್ ನೋಟ್ ಕಳಿಸಿದ ಗೆಳೆಯರೇ, ನಿಮಗೆ ನನ್ನ ಉತ್ತರ ಇಷ್ಟು. ನಿಮಗೆ ಆಡಬೇಕು ಅನ್ಸಿರೋ, ದುಡ್ಡು ಕೊಟ್ಟು ಕೊಳ್ಳಬೇಕಾದ ಆಟಗಳ ಪಟ್ಟಿ ಒಂದು ಹಾಳೆಯಲ್ಲಿ ಬರೀರಿ. ಐದಕ್ಕಿಂತ ಜಾಸ್ತಿ ಇದ್ದರೆ ಇನ್ನೆರಡು ತಿಂಗಳು ಕಾದು ಡಿಸ್ಕ್ ಮಾಡೆಲ್ ತಗೊಳ್ಳಿ. ಎರಡೋ ಮೂರೋ ಇದ್ದರೆ ಡಿಜಿಟಲ್ ಸಾಕು. ಪಟ್ಟಿಯೇ ತುಂಬದಿದ್ದರೆ, ಬೇಕಾಗಿರೋದು ಕನ್ಸೋಲ್ ಅಲ್ಲ, ಒಂದು ವಾರ ರಜೆ ಇರಬಹುದು! ಮನೆಗೆ ಕಳಿಸೋ ದುಡ್ಡಿಗೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ.

ಉಳಿದವರಿಗೆ ಈ ವಾರದ ಹೋಂವರ್ಕ್: ಆಟೋಪೇ ಪಟ್ಟಿ ತೆಗೆಯಿರಿ, ಕಳೆದ ತಿಂಗಳು ಮುಟ್ಟದೇ ಇರೋ ಒಂದು ಚಂದಾ ರದ್ದು ಮಾಡಿ. ವರ್ಷಕ್ಕೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.